ಮೊದಲು ನಡೆದವರು ಮತ್ತು ನಮ್ಮ ಹೆಣ್ಣುಮಕ್ಕಳು

(ಶಾಲೆಯ ಸುವರ್ಣ ಮಹೋತ್ಸವದ ಮಹಿಳಾ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿನಿ, ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಇತಿಹಾಸದಲ್ಲಿ ಸಾಧನೆ ಮಾಡಿದ ಮಹಿಳೆಯರ ಬಗ್ಗೆ ಮಾತನಾಡಿ ಎಂದು ನನಗೆ ಹೇಳಿದ್ದಾರೆ. ಅಕ್ಕಮಹಾದೇವಿ, ರಾಣಿ ಅಬ್ಬಕ್ಕ, ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ ಇವರ ಹೆಸರು ನಮ್ಮ ಮಕ್ಕಳಿಗೆಲ್ಲ ಗೊತ್ತು. ಅವರ ಚಿತ್ರಗಳು ಗೋಡೆಯ ಮೇಲಿವೆ, ಛದ್ಮವೇಷ ಸ್ಪರ್ಧೆಯಲ್ಲಿ ಪ್ರತಿವರ್ಷ ಇಬ್ಬರಾದರೂ ಓಬವ್ವನವರು ಬರುತ್ತಾರೆ. ಆದ್ದರಿಂದ ಈ ಹೊತ್ತು ಕತ್ತಿ ಹಿಡಿದವರನ್ನು ಬಿಟ್ಟು, ಪುಸ್ತಕ ಹಿಡಿದವರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಶಾಲೆ, ಪತ್ರಿಕೆ, ಪ್ರಯೋಗಶಾಲೆ, ಶಾಸನಸಭೆ, ಈ ಬಾಗಿಲುಗಳನ್ನು ಮೊದಲು ತಟ್ಟಿದವರು ಇವರು.

ಶಾಲೆಯ ಹಬ್ಬದಲ್ಲಿ ಮೊದಲು ನೆನೆಯಬೇಕಾದವರು ಸಾವಿತ್ರಿಬಾಯಿ ಫುಲೆ. 1831ರ ಜನವರಿ 3ರಂದು ಮಹಾರಾಷ್ಟ್ರದ ನಾಯಗಾಂವ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಮದುವೆಯಾದಾಗ ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಗಂಡ ಜ್ಯೋತಿಬಾ ಫುಲೆ ಮನೆಯಲ್ಲೇ ಓದು ಕಲಿಸಿದರು. 1848ರಲ್ಲಿ ದಂಪತಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ ಆಕೆಗೆ ಇನ್ನೂ ಹದಿನೇಳು ವರ್ಷ. ಶಾಲೆಗೆ ಹೋಗುವ ದಾರಿಯಲ್ಲಿ ಜನ ಸಗಣಿ, ಕೆಸರು ಎರಚುತ್ತಿದ್ದರು. ಆಕೆ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗಿ, ಶಾಲೆಯಲ್ಲಿ ಸೀರೆ ಬದಲಾಯಿಸಿ ಪಾಠ ಮಾಡುತ್ತಿದ್ದರಂತೆ. ಪ್ಲೇಗು ಬಂದಾಗ ರೋಗಿಗಳ ಸೇವೆಗೆ ನಿಂತು, ತಮಗೂ ಅದೇ ರೋಗ ತಗಲಿ 1897ರಲ್ಲಿ ತೀರಿಕೊಂಡರು. ಇಂದು ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿರುವ ಪ್ರತಿಯೊಬ್ಬ ಶಿಕ್ಷಕಿಯ ಹಿಂದೆ ಆ ಇನ್ನೊಂದು ಸೀರೆ ಇದೆ.

ಈಗ ನಮ್ಮ ನಾಡಿಗೆ ಬರೋಣ. ನಂಜನಗೂಡು ಎಂದರೆ ನಮಗೆ ನಂಜುಂಡೇಶ್ವರನ ದೇವಸ್ಥಾನ, ರಸಬಾಳೆ, ಹಲ್ಲುಪುಡಿ ನೆನಪಾಗುತ್ತದೆ. ಆ ಒಂದೇ ಊರಿನಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳ ಕಥೆ ಹೇಳುತ್ತೇನೆ. ಇಬ್ಬರ ತಂದೆಯರೂ ವಕೀಲರು. ಒಬ್ಬರು 1887ರಲ್ಲಿ ಹುಟ್ಟಿದರು, ಇನ್ನೊಬ್ಬರು 1922ರಲ್ಲಿ. ನಡುವೆ ಮೂವತ್ತೈದು ವರ್ಷ.

ಮೊದಲನೆಯವರು ತಿರುಮಲಾಂಬ. ಹತ್ತನೇ ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಇಲ್ಲಿ ಒಂಬತ್ತನೇ ತರಗತಿಯಲ್ಲಿ ಕೂತಿರುವ ನಮ್ಮ ಮಕ್ಕಳ ವಯಸ್ಸು! ಆ ಕಾಲದಲ್ಲಿ ಅಂಥ ಹುಡುಗಿಗೆ ಉಳಿಯುತ್ತಿದ್ದುದು ಮನೆಯ ಒಂದು ಮೂಲೆ ಮಾತ್ರ. ತಂದೆ ಆ ಮೂಲೆಗೆ ಪುಸ್ತಕ ತಂದುಕೊಟ್ಟರು. ಓದುತ್ತಾ ಓದುತ್ತಾ ಆಕೆ ಬರೆಯತೊಡಗಿದರು. 1913ರಲ್ಲಿ ‘ಸತಿಹಿತೈಷಿಣಿ’ ಎಂಬ ಗ್ರಂಥಮಾಲೆ ಆರಂಭಿಸಿ ‘ಸುಶೀಲೆ’ ಎಂಬ ಕಾದಂಬರಿ ಪ್ರಕಟಿಸಿದರು. ಆಮೇಲೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಹೊಸಗನ್ನಡದಲ್ಲಿ ಹೆಣ್ಣೊಬ್ಬಳು ಲೇಖಕಿ, ಸಂಪಾದಕಿ, ಪ್ರಕಾಶಕಿ ಮೂರೂ ಆದದ್ದು ಅವರಿಂದ ಮೊದಲಾಯಿತು. ಆಮೇಲೆ ಬರವಣಿಗೆ ನಿಂತಿತು, ನಾಡು ಅವರನ್ನು ಮರೆತೇಬಿಟ್ಟಿತು. 1982ರವರೆಗೆ, ತೊಂಬತ್ತೈದು ವರ್ಷ ಅವರು ಬದುಕಿದ್ದರು.

ಎರಡನೆಯವರು ರಾಜೇಶ್ವರಿ ಚಟರ್ಜಿ. ಇವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು, ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅದೇ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತೇವಲ್ಲ, ಅದು. ಆಮೇಲೆ ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕಕ್ಕೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. 1953ರಲ್ಲಿ ಹಿಂದಿರುಗಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಅವರನ್ನು ಕರೆಯುತ್ತಾರೆ. ರೇಡಾರು, ವಿಮಾನಗಳಿಗೆ ಬೇಕಾದ ಮೈಕ್ರೋವೇವ್ ಮತ್ತು ಆಂಟೆನಾ ಅವರ ಸಂಶೋಧನೆಯ ಕ್ಷೇತ್ರ. ಇಪ್ಪತ್ತು ಮಂದಿ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡಿದರು.

ಒಂದೇ ಊರು, ಒಂದೇ ಹೊಳೆಯ ನೀರು. ಒಬ್ಬಳಿಗೆ ಹತ್ತು ವರ್ಷಕ್ಕೆ ತಾಳಿ, ಇನ್ನೊಬ್ಬಳಿಗೆ ಇಪ್ಪತ್ತರ ಹರೆಯದಲ್ಲಿ ಹಡಗಿನ ಪ್ರಯಾಣ. ಬುದ್ಧಿಯಲ್ಲಿ ಇಬ್ಬರೂ ಯಾರಿಗೂ ಕಡಿಮೆಯಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಶಾಲೆ ಇರಲಿಲ್ಲ ಎನ್ನೋಣವೇ? ಮೈಸೂರಿನಲ್ಲಿ ಅಂಬಳೆ ನರಸಿಂಹ ಅಯ್ಯಂಗಾರರು ಮಹಾರಾಣಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು 1881ರಲ್ಲಿ. ತಿರುಮಲಾಂಬ ಹುಟ್ಟುವುದಕ್ಕೆ ಆರು ವರ್ಷ ಮೊದಲೇ! ನಂಜನಗೂಡಿನಿಂದ ಮೈಸೂರು ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಶಾಲೆ ಅಲ್ಲಿತ್ತು, ಆದರೆ ಮಗಳು ಅಷ್ಟು ದೂರ ಹೋಗಬಹುದು ಎಂಬ ಧೈರ್ಯ ಊರಿಗೆ ಇನ್ನೂ ಬಂದಿರಲಿಲ್ಲ. ಆ ಮೂವತ್ತೈದು ವರ್ಷಗಳಲ್ಲಿ ಕೆಲವು ಮನೆಗಳು ಧೈರ್ಯ ಮಾಡಿದವು. ಅಜ್ಜಿ ಓದಿದ ಮನೆಯಲ್ಲಿ ಮೊಮ್ಮಗಳ ಓದನ್ನು ಯಾರೂ ತಡೆಯಲಿಲ್ಲ. ಇದು ನಾವು ನೆನಪಿಡಬೇಕಾದ ಮೊದಲ ಪಾಠ.

ಎರಡನೆಯ ಪಾಠ ಕಮಲಾ ಸೊಹೊನಿಯವರಿಂದ. ಆಗ ಅವರ ಹೆಸರು ಕಮಲಾ ಭಾಗವತ್. ಬೊಂಬಾಯಿಯಲ್ಲಿ ಬಿ.ಎಸ್ಸಿ. ಮುಗಿಸಿ 1933ರಲ್ಲಿ ಅದೇ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ಅಂಕಗಳು ಚೆನ್ನಾಗಿದ್ದವು. ಆದರೆ ಹುಡುಗಿ ಎಂಬ ಕಾರಣಕ್ಕೆ ಸೀಟು ಸಿಗಲಿಲ್ಲ. ಬೇಡ ಎಂದವರು ನಿರ್ದೇಶಕ ಸರ್ ಸಿ.ವಿ. ರಾಮನ್, ನೊಬೆಲ್ ಪಡೆದ ಮಹಾ ವಿಜ್ಞಾನಿ. ಈ ಮಾತನ್ನು ಯಾರನ್ನೂ ಸಣ್ಣವರನ್ನಾಗಿ ಮಾಡಲು ಹೇಳುತ್ತಿಲ್ಲ. ಅಷ್ಟು ದೊಡ್ಡವರಿಗೂ ಆ ಕಾಲದ ಕಣ್ಣುಪಟ್ಟಿ ಇತ್ತು ಎಂದಷ್ಟೇ. ಕಮಲಾ ಹಿಂದೆ ಸರಿಯಲಿಲ್ಲ, ಪಟ್ಟು ಹಿಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಗಂಡುಹುಡುಗರಿಗೆ ಇಲ್ಲದ ಆ ಷರತ್ತು ಅವರ ಮನಸ್ಸನ್ನು ಬಹಳ ನೋಯಿಸಿತು. ಆದರೂ ನುಂಗಿಕೊಂಡು ದುಡಿದರು. ಅವರ ಕೆಲಸ ನೋಡಿದ ಮೇಲೆ ರಾಮನ್ನರೇ ಮನಸ್ಸು ಬದಲಾಯಿಸಿ ಹೆಣ್ಣುಮಕ್ಕಳಿಗೆ ಪ್ರವೇಶ ಕೊಡತೊಡಗಿದರು. ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಮುಂದೆ ನೀರಾದಲ್ಲಿರುವ ಪೋಷಕಾಂಶಗಳ ಬಗ್ಗೆ ಸಂಶೋಧನೆ ಮಾಡಿದರು.

ಈಗ ಇಸವಿಗಳನ್ನು ಜೋಡಿಸಿ ನೋಡಿ. ಕಮಲಾ ಬಾಗಿಲು ತಟ್ಟಿದ್ದು 1933ರಲ್ಲಿ. ನಮ್ಮ ನಂಜನಗೂಡಿನ ರಾಜೇಶ್ವರಿ ಅದೇ ಬಾಗಿಲಿನಿಂದ ಒಳಗೆ ಹೋದದ್ದು 1943ರಲ್ಲಿ. ಮೊದಲು ಹೋದವಳು ತನ್ನೊಬ್ಬಳಿಗಾಗಿ ಹೋಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ರಾಜಕೀಯದಲ್ಲೂ ಹೀಗೆಯೇ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಬಾಲ್ಯದಲ್ಲೇ ವಿಧವೆಯಾದವರು. ಆದರೆ ಅವರು ಓದು ಮುಂದುವರಿಸಿದರು, ಮರುಮದುವೆಯಾದರು. 1926ರಲ್ಲಿ ಮದ್ರಾಸ್ ಪ್ರಾಂತದ ಶಾಸನಸಭೆಗೆ ಸ್ಪರ್ಧಿಸಿ 55 ಮತಗಳಿಂದ ಸೋತರು. ಸೋತೆನೆಂದು ಮನೆಯಲ್ಲಿ ಕೂರಲಿಲ್ಲ. ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದರು. ಸ್ವಾತಂತ್ರ್ಯ ಬಂದ ಮೇಲೆ ನೇಕಾರರು, ಕುಂಬಾರರು, ಕುಶಲಕರ್ಮಿಗಳ ಕೈಕೆಲಸ ಉಳಿಯಬೇಕೆಂದು ದೇಶವೆಲ್ಲ ಓಡಾಡಿದರು. ಇನ್ನು ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರು. ಏಳು ಸಲ ಶಾಸಕಿಯಾಗಿ ಗೆದ್ದರು. 1972ರಲ್ಲಿ ನಮ್ಮ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾದರು. 55 ಮತಗಳ ಆ ಸೋಲಿನಿಂದ ಈ ಪೀಠದವರೆಗೆ ನಲವತ್ತಾರು ವರ್ಷದ ದಾರಿ.

ಮಾನ್ಯರೇ, ಈ ಕಥೆಗಳನ್ನು ಕೇಳಿ ಚಪ್ಪಾಳೆ ತಟ್ಟಿ ಎದ್ದು ಹೋದರೆ ಸಾಧಕಿಯರಿಗೆ ಏನೂ ನಷ್ಟವಿಲ್ಲ, ನಷ್ಟ ನಮ್ಮ ಮಕ್ಕಳಿಗೆ. ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ಶಾಲೆ ಬಿಟ್ಟ ಕಾರಣ’ ಎಂಬ ಕಲಂ ಇದೆ. ಈ ಭಾಷಣಕ್ಕೆಂದು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಹಳೆಯ ಪುಸ್ತಕಗಳನ್ನು ತಿರುವಿ ಹಾಕಿದೆ. ಗಂಡುಮಕ್ಕಳ ಎದುರು ಬಗೆಬಗೆಯ ಕಾರಣಗಳಿವೆ. ಹೆಣ್ಣುಮಕ್ಕಳ ಎದುರು ಬಹುಪಾಲು ಎರಡೇ ಮಾತು: ‘ಮನೆಗೆಲಸ’, ‘ಮದುವೆ’. ಅವರಲ್ಲಿ ಕೆಲವರು ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವರು, ಲೆಕ್ಕದಲ್ಲಿ ನನಗಿಂತ ಮುಂದಿದ್ದವರು. ಅವರೊಳಗೆ ಒಬ್ಬ ರಾಜೇಶ್ವರಿ ಇದ್ದಳೋ ಏನೋ, ಯಾರು ಹೇಳಬಲ್ಲರು?

ಇಂದು ಹತ್ತನೇ ತರಗತಿಯವರೆಗೆ ನಮ್ಮ ಹೆಣ್ಣುಮಕ್ಕಳು ಬರುತ್ತಿದ್ದಾರೆ, ಚೆನ್ನಾಗಿ ಓದುತ್ತಿದ್ದಾರೆ. ತೊಡಕು ಇರುವುದು ಆಮೇಲೆ. ಪಿಯು ಕಾಲೇಜು ಊರಿನಲ್ಲಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಮಾತಿಲ್ಲ, ಆದರೆ ಸಂಜೆ ಬಸ್ಸು ತಡವಾದರೆ ಮನೆಯವರಿಗೆ ಭಯ. ‘ಇನ್ನೇನು ಎರಡು ವರ್ಷಕ್ಕೆ ಹದಿನೆಂಟಾಗುತ್ತೆ, ಗಂಡು ನೋಡೋಣ’ ಎಂಬ ಮಾತು ಶುರುವಾಗುತ್ತದೆ. ಅಂದು ನಂಜನಗೂಡಿಗೂ ಮೈಸೂರಿಗೂ ಇದ್ದ ದೂರವೇ ಇಂದು ನಮ್ಮ ಊರಿಗೂ ಕಾಲೇಜಿಗೂ ಇರುವ ದೂರ.

ಆದ್ದರಿಂದ ಮೂರು ವಿನಂತಿಗಳು. ಹಳೆಯ ವಿದ್ಯಾರ್ಥಿ ಸಂಘದವರು ಕಮಾನು, ರಂಗಮಂದಿರ ಕಟ್ಟಿಸಲು ಮುಂದಾಗಿದ್ದೀರಿ, ಸಂತೋಷ. ಅದರ ಜೊತೆಗೆ ಹತ್ತನೇ ತರಗತಿ ಮುಗಿಸಿದ ಹೆಣ್ಣುಮಕ್ಕಳ ಪಿಯು ಓದಿಗೆಂದು ಒಂದು ನಿಧಿ ಇಡಿ. ಫೇಲಾದ ಮಗುವಿನ ಮನೆಗೆ ಹೋಗಿ ಮತ್ತೆ ಪರೀಕ್ಷೆಗೆ ಕೂರಿಸಿ. ಪಾಸಾದವರ ಸನ್ಮಾನಕ್ಕೆ ಎಲ್ಲರೂ ಇದ್ದೇ ಇರುತ್ತೀರಿ. ಎರಡನೆಯದು, ಪಂಚಾಯಿತಿಯ ಹಿರಿಯರಿಗೆ: ಕಾಲೇಜು ಬಿಡುವ ಹೊತ್ತಿಗೆ ಸರಿಯಾಗಿ ಒಂದು ಬಸ್ಸು ಬರುವಂತೆ ಡಿಪೋದವರ ಬೆನ್ನು ಹತ್ತಿ. ಮೂರನೆಯದು ತಾಯಂದಿರಿಗೆ. ಅಕ್ಕಂದಿರೇ, ನಿಮ್ಮ ಹೆಸರಿನ ಎದುರು ಯಾರೋ ಬರೆದ ಕಾರಣ ನಿಮ್ಮ ಮಗಳ ಹೆಸರಿನ ಎದುರು ಬಾರದಂತೆ ನೋಡಿಕೊಳ್ಳಿ.

ಮಕ್ಕಳೇ, ನಿಮ್ಮ ಬೀದಿಯಿಂದ ಕಾಲೇಜಿಗೆ ಹೋಗುವ ಮೊದಲ ಹುಡುಗಿ ನೀವೇ ಆಗಿದ್ದರೆ ಹೆದರಬೇಡಿ. ನಾಲ್ಕು ಜನ ನಾಲ್ಕು ಮಾತು ಆಡುತ್ತಾರೆ. ನಿಮ್ಮ ಹಿಂದೆ ಬರುವ ಹುಡುಗಿಗೆ ಆ ನಾಲ್ಕು ಮಾತು ಎರಡಾಗುತ್ತವೆ, ಅವಳ ಹಿಂದಿನವಳಿಗೆ ಅದೂ ಇರುವುದಿಲ್ಲ.