ಬಂದಿಯನ್ನು ತಂದು ನಿಲ್ಲಿಸಿ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಪ್ರತಿಭಟನೆ ಮತ್ತು ಸರಕಾರದ ಅಧಿಕಾರದ ಬಗ್ಗೆ ಮಾತಾಡಬೇಕೆಂದು ಹೇಳಿದ್ದೀರಿ. ವಿಷಯ ಸಮುದ್ರದಷ್ಟಿದೆ. ನಾನು ಒಂದೇ ಒಂದು ಮೊಕದ್ದಮೆಯನ್ನು ಹಿಡಿದುಕೊಂಡು ಮಾತಾಡುತ್ತೇನೆ. ಅದರ ಒಂದು ಬೇರು ನಮ್ಮ ಬೆಂಗಳೂರಿನಲ್ಲಿಯೇ ಇದೆ.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಅವರು ಇಂದಿರಾ ಗಾಂಧಿಯವರ ಚುನಾವಣೆ ಅಸಿಂಧು ಎಂದು ತೀರ್ಪು ಕೊಟ್ಟರು. ಆ ಹೊತ್ತಿಗಾಗಲೇ ದೇಶ ಎರಡು ಪಾಳಯವಾಗಿತ್ತು. ಒಂದು ಕಡೆ ಬಿಹಾರದ ವಿದ್ಯಾರ್ಥಿ ಚಳವಳಿಯ ಮುಂದಾಳತ್ವ ವಹಿಸಿದ್ದ ಜಯಪ್ರಕಾಶ ನಾರಾಯಣರು. ಇನ್ನೊಂದು ಕಡೆ ಲೋಕಸಭೆಯಲ್ಲಿ ಭಾರೀ ಬಹುಮತವಿದ್ದ ಪ್ರಧಾನಿ. ಇಬ್ಬರೂ ಜನರ ಹೆಸರನ್ನೇ ಹೇಳುತ್ತಿದ್ದರು. ಜೂನ್ 25ರಂದು ದೆಹಲಿಯ ರಾಮಲೀಲಾ ಮೈದಾನದ ಸಭೆಯಲ್ಲಿ ಜೆ.ಪಿ.ಯವರು, ಕಾನೂನುಬಾಹಿರ ಆಜ್ಞೆಗಳನ್ನು ಪಾಲಿಸಬೇಡಿ ಎಂದು ಪೊಲೀಸರಿಗೂ ಸೈನ್ಯಕ್ಕೂ ಕರೆ ಕೊಟ್ಟರು. ಆ ಮಾತು ಅತಿಯಾಯಿತೇ ಎಂಬ ಚರ್ಚೆ ಇಂದಿಗೂ ಇದೆ. ಅತಿಯಾಯಿತು ಎಂದೇ ಇಟ್ಟುಕೊಳ್ಳೋಣ. ಅದಕ್ಕೆ ಬಂದ ಉತ್ತರವೇನು? ಅದೇ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದರು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಮಂತ್ರಿ ಮಂಡಲಕ್ಕೆ ಸಂಗತಿ ತಿಳಿದದ್ದು ಮರುದಿನ ಬೆಳಿಗ್ಗೆ.

ಆ ಬೆಳಿಗ್ಗೆ ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಸಮಾಜವಾದಿ ಮಧು ದಂಡವತೆ ಮುಂತಾದವರನ್ನು ಬಂಧಿಸಿ ಇಲ್ಲಿಯ ಸೆಂಟ್ರಲ್ ಜೈಲಿಗೆ ಹಾಕಿದರು. ಅವರು ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಹೀಗೆಂದರೆ ಬಂದಿಯನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿ, ಯಾವ ಕಾನೂನಿನ ಪ್ರಕಾರ ಹಿಡಿದಿದ್ದೀರಿ ಹೇಳಿ ಎಂದು ಸರಕಾರವನ್ನು ಕೇಳುವ ಅರ್ಜಿ. ಬಿಡುಗಡೆಯ ಭರವಸೆಯೇನೂ ಅದರಲ್ಲಿಲ್ಲ, ಕೇಳುವ ಹಕ್ಕು ಮಾತ್ರ ಇದೆ. ಅವರ ಪರ ವಾದಿಸಲು ಬೆಂಗಳೂರಿಗೆ ಬಂದವರು ಎಂ.ಸಿ. ಚಾಗ್ಲಾ. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದವರು, ಕೇಂದ್ರದ ಶಿಕ್ಷಣ ಮಂತ್ರಿಯಾಗಿದ್ದವರು.

ಜನಸಂಘದವರ ಮೊಕದ್ದಮೆ ನಮಗೇಕೆ ಎಂದು ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಬಂದಿರಬಹುದು. ಜುಲೈ 4ರಂದು ಸರಕಾರ ನಿಷೇಧಿಸಿದ ಸಂಘಟನೆಗಳ ಪಟ್ಟಿಯಲ್ಲಿ ಆರೆಸ್ಸೆಸ್ ಇತ್ತು, ಜಮಾಅತೆ ಇಸ್ಲಾಮಿ ಹಿಂದ್ ಕೂಡ ಇತ್ತು. ಹೊರಗೆ ಒಬ್ಬರ ಮುಖ ಒಬ್ಬರು ನೋಡದವರು ಒಂದೇ ಜೈಲಿನಲ್ಲಿ ಕುಳಿತರು. ಇಬ್ಬರನ್ನೂ ಹಿಡಿದಿಟ್ಟದ್ದು ಮೀಸಾ ಎಂಬ ಒಂದೇ ಕಾಯಿದೆ. ಬಂಧನಕ್ಕೆ ಕಾರಣ ತಿಳಿಸಬೇಕಾದ ಅಗತ್ಯವೂ ಇಲ್ಲವೆಂದು ಅದಕ್ಕೆ ತಿದ್ದುಪಡಿ ಮಾಡಲಾಗಿತ್ತು.

ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳು ಇಂಥ ಅರ್ಜಿಗಳನ್ನು ಕೇಳುವ ಅಧಿಕಾರ ತಮಗಿದೆ ಎಂದವು. ಮೂಲಭೂತ ಹಕ್ಕುಗಳು ಅಮಾನತಿನಲ್ಲಿದ್ದರೂ ಬಂಧನದ ಆದೇಶ ಆ ಕಾಯಿದೆಯ ಪ್ರಕಾರವಾದರೂ ಇದೆಯೇ ಎಂದು ನೋಡಬೇಡವೇ ಎಂಬುದು ಅವುಗಳ ವಾದ. ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ಪ್ರಶ್ನೆ ಹಾಕಿದರು. ಪೊಲೀಸನೊಬ್ಬ ಸ್ವಂತ ದ್ವೇಷಕ್ಕಾಗಿ ಒಬ್ಬನನ್ನು ಕೊಂದರೆ ನ್ಯಾಯಾಲಯದಲ್ಲಿ ಪರಿಹಾರ ಉಂಟೇ? ತುರ್ತು ಪರಿಸ್ಥಿತಿ ಇರುವ ತನಕ ಇಲ್ಲ ಎಂದು ಅವರು ಉತ್ತರಿಸಿದರು. ಹಾಗಿದ್ದೂ 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರಕಾರದ ಪರ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಒಪ್ಪಲಿಲ್ಲ.

ಈ ತಾರೀಖನ್ನು ಗಮನಿಸಿ. ಇದಕ್ಕೆ ಒಂಬತ್ತು ದಿನ ಮೊದಲು, ಏಪ್ರಿಲ್ 19ರಂದು, ಹಳೇ ದೆಹಲಿಯ ತುರ್ಕಮಾನ್ ಗೇಟಿನಲ್ಲಿ ಮನೆಗಳನ್ನು ಕೆಡಹುವುದನ್ನು ತಡೆಯಲು ನಿಂತ ಜನರ ಮೇಲೆ ಗೋಲಿಬಾರ್ ಆಗಿತ್ತು. ಸತ್ತವರೆಷ್ಟು ಎಂಬುದು ಇಂದಿಗೂ ವಿವಾದ. ಸೆನ್ಸಾರ್ ಇದ್ದುದರಿಂದ ಪತ್ರಿಕೆಗಳು ಬರೆಯುವಂತಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಹರಿಯಾಣದ ಮೇವಾತ್ ಸೀಮೆಯ ಉಟಾವರ್ ಎಂಬ ಮುಸ್ಲಿಂ ಗ್ರಾಮವನ್ನು ಪೊಲೀಸರು ಮುತ್ತಿ, ಗಂಡಸರನ್ನು ಹಿಡಿದೊಯ್ದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರು. ಬೆಂಗಳೂರಿನ ಜೈಲಿನಲ್ಲಿದ್ದ ಜನಸಂಘದ ನಾಯಕರ ಅರ್ಜಿ ಬಿದ್ದುಹೋದಾಗ ಉಟಾವರದ ರೈತ ತಟ್ಟಬಹುದಾಗಿದ್ದ ಬಾಗಿಲೂ ಮುಚ್ಚಿಹೋಗಿತ್ತು.

ಇನ್ನೊಂದು ಮಾತು. ಘೋಷಣೆಗೆ ಸಹಿ ಹಾಕಿದವರು ಫಕ್ರುದ್ದೀನ್ ಅಲಿ ಅಹ್ಮದ್, ತೀರ್ಪಿನ ಬಹುಮತದಲ್ಲಿದ್ದವರಲ್ಲಿ ಒಬ್ಬರು ಎಂ.ಎಚ್. ಬೇಗ್, ಬಂದಿಗಳ ಪರ ನಿಂತವರು ಚಾಗ್ಲಾ. ಹೆಸರು ನೋಡಿ ನಿಲುವು ಊಹಿಸುವವರಿಗೆ ಇಲ್ಲಿ ಲೆಕ್ಕ ತಪ್ಪುತ್ತದೆ. 1977ರ ಜನವರಿಯಲ್ಲಿ ಖನ್ನಾ ಅವರ ಹಿರಿತನವನ್ನು ಕಡೆಗಣಿಸಿ ಬೇಗ್ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟು ಮನೆಗೆ ನಡೆದರು. ಅದೇ ತಿಂಗಳು, ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳಿ ಪೆರೋಲ್ ಮೇಲೆ ಹೊರಬಂದಿದ್ದ 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ತೀರಿಕೊಂಡರು.

ಮಾರ್ಚಿನ ಚುನಾವಣೆಯಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿ ಹಾಕಿತು. ನಮ್ಮ ಕರ್ನಾಟಕ ಮಾತ್ರ 28 ಸ್ಥಾನಗಳಲ್ಲಿ 26ನ್ನು ಅದೇ ಕಾಂಗ್ರೆಸ್ಸಿಗೆ ಕೊಟ್ಟಿತು! ಇದನ್ನು ನಾವು ಭಾಷಣಗಳಲ್ಲಿ ಹೇಳುವುದು ಕಡಿಮೆ. ದೇಶ ಒಂದೇ ಮನಸ್ಸಿನಿಂದ ಎದ್ದು ನಿಂತಿತು ಎಂಬ ಕಥೆಗೆ ಅದು ಹೊಂದುವುದಿಲ್ಲ. ಜನಮತ ಹೀಗೆ ಒಡೆದುಕೊಂಡಿರುವಾಗ ಬಂದಿಯ ಹಕ್ಕನ್ನು ಜನಮತಕ್ಕೆ ಬಿಡಲಾಗದು. ಅದನ್ನು ಬರೆದೇ ಇಡಬೇಕು.

ಹಾಗೆ ಬರೆದದ್ದು 1978ರ 44ನೇ ತಿದ್ದುಪಡಿ. ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ ಎಂದಾಯಿತು. 1976ರ ತೀರ್ಪು ಮಾತ್ರ ಪುಸ್ತಕದಲ್ಲಿ ಹಾಗೆಯೇ ಉಳಿದಿತ್ತು. 2017ರ ಆಗಸ್ಟ್ 24ರಂದು ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಆ ಮಾತನ್ನು ಬರೆದವರು ಡಿ.ವೈ. ಚಂದ್ರಚೂಡ್, ಹಳೆಯ ತೀರ್ಪಿನ ನಾಲ್ವರಲ್ಲಿ ಒಬ್ಬರಾದ ವೈ.ವಿ. ಚಂದ್ರಚೂಡರ ಮಗ. ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಕಾನೂನು ಓದುವ ಹುಡುಗ ಹುಡುಗಿಯರು ಇಲ್ಲಿದ್ದೀರಿ. ನಿಮಗಾಗಿ ಒಂದು ಬಾಕಿ ಸಂಗತಿ ಹೇಳಿ ಕುಳಿತುಕೊಳ್ಳುತ್ತೇನೆ. ವಿಚಾರಣೆಯಿಲ್ಲದೆ, ಸಲಹಾ ಮಂಡಳಿಯ ಮುಂದೆ ಇಡದೆ ಒಬ್ಬನನ್ನು ಮೂರು ತಿಂಗಳು ಮುಂಜಾಗ್ರತಾ ಬಂಧನದಲ್ಲಿ ಇಡಲು 22ನೇ ವಿಧಿ ಅವಕಾಶ ಕೊಡುತ್ತದೆ. 44ನೇ ತಿದ್ದುಪಡಿ ಅದನ್ನು ಎರಡು ತಿಂಗಳಿಗೆ ಇಳಿಸಿತ್ತು. ಆ ಕಲಮು ಯಾವ ದಿನದಿಂದ ಜಾರಿ ಎಂಬುದನ್ನು ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿ ತಿಳಿಸಬೇಕಿತ್ತು. 1978ರಿಂದ ಎಷ್ಟೋ ಪಕ್ಷಗಳ ಸರಕಾರಗಳು ಬಂದು ಹೋದವು, ಮೀಸಾದಲ್ಲಿ ಜೈಲು ಕಂಡವರೇ ಪ್ರಧಾನಿಗಳೂ ಗೃಹಮಂತ್ರಿಗಳೂ ಆದರು. ಆ ಅಧಿಸೂಚನೆ ಮಾತ್ರ ಇನ್ನೂ ಹೊರಟಿಲ್ಲ.