ರಂಗದ ಹಾಡು, ಬೆಳ್ಳಿತೆರೆಯ ದನಿ

(ಕಲಬುರ್ಗಿಯ ಜೇವರ್ಗಿ ಕಾಲೋನಿಯಲ್ಲಿ ರಂಗಾಸಕ್ತರ ಎದುರು ಆಡಿದ ಮಾತುಗಳ ಬರಹ ರೂಪ)



'ಸಂಪತ್ತಿಗೆ ಸವಾಲ್' ಎಂದ ಕೂಡಲೇ ನಿಮ್ಮಲ್ಲಿ ಬಹುಪಾಲು ಮಂದಿಗೆ ನೆನಪಾಗುವುದು ಎಮ್ಮೆಯ ಮೇಲೆ ಕುಳಿತು ಹಾಡುತ್ತ ಬರುವ ರಾಜಕುಮಾರ್. ಅದು ತಪ್ಪೇನಲ್ಲ. ಆದರೆ 1974ರಲ್ಲಿ ಎ.ವಿ. ಶೇಷಗಿರಿರಾವ್ ಅದನ್ನು ಸಿನೆಮಾ ಮಾಡುವುದಕ್ಕೆ ಮೊದಲೇ ಅದು ಪಿ.ಬಿ. ಧುತ್ತರಗಿಯವರ ನಾಟಕವಾಗಿ ನಮ್ಮ ಕಡೆಯ ಜಾತ್ರೆಗಳಲ್ಲಿ ಜನರನ್ನು ನಗಿಸಿ, ಅಳಿಸಿ ಹೆಸರು ಮಾಡಿತ್ತು. ಚಿತ್ರದ ನಾಯಕ, ನಾಯಕಿ, ಖಳನಾಯಕ ಎಲ್ಲರ ಹೆಸರೂ ನಮಗೆ ಗೊತ್ತು. ನಾಟಕ ಬರೆದವರ ಹೆಸರು ಕೇಳಿದರೆ ಮಾತ್ರ ತಡವರಿಸುತ್ತೇವೆ. ಇವತ್ತಿನ ನನ್ನ ಮಾತು ಈ ತಡವರಿಕೆಯ ಬಗ್ಗೆಯೇ.

ನಾಟಕ ಸಿನೆಮಾ ಆದಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ? ಕತೆ ಉಳಿಯುತ್ತದೆ. ಸಾಹುಕಾರನ ಸೊಕ್ಕು, ಬಡವನ ಮನೆಯ ಮಾನ, ಇವು ಎಲ್ಲಿಟ್ಟರೂ ನಡೆಯುವ ಸರಕು. ಸೋರಿಹೋಗುವುದು ಮೊದಲು ಮಾತಿನ ಗಡಸುತನ. ಧುತ್ತರಗಿಯವರು ಬಾಗಲಕೋಟೆ ಕಡೆಯವರು. ಇಡೀ ರಾಜ್ಯಕ್ಕೆ ಸಲ್ಲಬೇಕಾದ ಸಿನೆಮಾದಲ್ಲಿ ಆ ಭಾಷೆ ಸಾಕಷ್ಟು ನಯವಾಯಿತು. ವ್ಯಾಪಾರದ ದೃಷ್ಟಿಯಿಂದ ಅದು ಸರಿಯೇ ಇರಬಹುದು, ಕಿವಿಯ ದೃಷ್ಟಿಯಿಂದ ನನಗೆ ಒಪ್ಪಿಗೆಯಿಲ್ಲ.

ಎರಡನೆಯದು ಹಾಡು. ಇಲ್ಲಿ ವಿಷಯ ಸ್ವಲ್ಪ ಸಿಕ್ಕಾಗಿದೆ, ಹಿಂದಕ್ಕೆ ಹೋಗಬೇಕು.

ನಮ್ಮ ಕಂಪನಿ ನಾಟಕಗಳ ಬೇರು ಸಂಗೀತದಲ್ಲಿದೆ. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ನಾಂದಿ ಹಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿಯ ಅಬ್ಬರದ ನಡುವೆ ಕನ್ನಡ ನಾಟಕವೂ ನಿಲ್ಲಬೇಕೆಂದು ಗದುಗಿನಲ್ಲಿ ಮಂಡಳಿ ಕಟ್ಟಿದವರು ಶಾಂತಕವಿಗಳು. ಮುಂದೆ ಗವಾಯಿಗಳೇ ಕಂಪನಿ ನಡೆಸಿದರು. ಗದುಗಿನ ಪಂಚಾಕ್ಷರಿ ಗವಾಯಿಗಳ ನಾಟ್ಯ ಸಂಘ ಅಂಥದ್ದು. ಮಲ್ಲಿಕಾರ್ಜುನ ಮನ್ಸೂರರು ಬಾಲಕನಾಗಿ ಬಣ್ಣ ಹಚ್ಚಿದ್ದು ವಾಮನರಾವ್ ಮಾಸ್ತರರ ಕಂಪನಿಯಲ್ಲಿ. ಅಂದರೆ ನಟ ಎಂದರೆ ಹಾಡುವವನು. ಹಾಡಲು ಬಾರದವನಿಗೆ ಅಲ್ಲಿ ನಾಯಕನ ಪಾತ್ರ ದೂರದ ಮಾತು.

ಆ ಹಾಡಿಗೆ ಅಳತೆಯೂ ಇರಲಿಲ್ಲ. ರಂಗದ ಮುಂದೆ ಕಾಲುಪೇಟಿ ಹಿಡಿದ ಮಾಸ್ತರ, ಪಕ್ಕದಲ್ಲಿ ತಬಲಾ. ಜನ 'ವನ್ಸ್ ಮೋರ್' ಎಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತು ಎಂದು ಹಳಬರು ನಗುತ್ತಾರೆ. ನಗುವ ಸಂಗತಿಯೇ. ಆದರೆ ಅದರಲ್ಲಿ ಒಂದು ಒಪ್ಪಂದವಿದೆ: ಇಂದಿನ ಆಟದ ಹಾಡು ಎಷ್ಟು ಬೆಳೆಯಬೇಕೆಂದು ಇಂದು ಚಾಪೆಯ ಮೇಲೆ ಕುಳಿತವನೂ ತೀರ್ಮಾನಿಸುತ್ತಾನೆ. ಪೇಟಿ ಮಾಸ್ತರನು ನಟನ ಉಸಿರು ನೋಡಿ ಸ್ವರ ಹಿಡಿಯುತ್ತಾನೆ. ಗಂಟಲು ಕೆಟ್ಟ ದಿನ ಪಟ್ಟಿ ಇಳಿಸುತ್ತಾನೆ. ಗ್ರಾಮಫೋನ್ ತಟ್ಟೆ ಬಂದಾಗ ಇದೇ ಹಾಡು ಮೂರು ಮೂರೂವರೆ ನಿಮಿಷಕ್ಕೆ ಕತ್ತರಿಸಿಕೊಂಡಿತು. ಸಿನೆಮಾ ಬಂದಾಗ ಇನ್ನೊಂದು ಬದಲಾವಣೆ ಕಾದಿತ್ತು.

ಆರಂಭದಲ್ಲಿ ಹಾಗಾಗಲಿಲ್ಲ. 1934ರ 'ಸತಿ ಸುಲೋಚನಾ' ಕನ್ನಡದ ಮೊದಲ ವಾಕ್ಚಿತ್ರ. ನಿರ್ದೇಶನ ವೈ.ವಿ. ರಾವ್, ಸಾಹಿತ್ಯ ಬೆಳ್ಳಾವೆ ನರಹರಿಶಾಸ್ತ್ರಿ, ಚಿತ್ರೀಕರಣ ಕೊಲ್ಹಾಪುರದಲ್ಲಿ. ರಾವಣನಾದ ಆರ್. ನಾಗೇಂದ್ರರಾಯರು, ಇಂದ್ರಜಿತುವಾದ ಎಂ.ವಿ. ಸುಬ್ಬಯ್ಯನಾಯ್ಡು ಇಬ್ಬರೂ ರಂಗದಿಂದ ನೇರ ಬಂದವರು. ಆಗ ಹಿನ್ನೆಲೆ ಗಾಯನವಿಲ್ಲ, ನಟಿಸಿದವರೇ ಹಾಡಬೇಕು. ಇದೇ ಜೋಡಿಯ ಹೆಸರಾಂತ ನಾಟಕ 'ಭೂಕೈಲಾಸ'ವನ್ನು 1940ರಲ್ಲಿ ತೆಲುಗಿನಲ್ಲಿ ಚಿತ್ರ ಮಾಡಿದಾಗಲೂ ರಾವಣನಾಗಿ ನಾಯ್ಡು, ನಾರದನಾಗಿ ನಾಗೇಂದ್ರರಾಯರು ಹೋದರು. ಭಾಷೆ ಬದಲಾದರೂ ನಟರನ್ನು ಬದಲಿಸುವ ಧೈರ್ಯ ಯಾರಿಗೂ ಬರಲಿಲ್ಲ ನೋಡಿ!

ಹಿನ್ನೆಲೆ ಗಾಯನ ಬಂದ ಮೇಲೆ ಮುಖ ಒಬ್ಬರದು, ದನಿ ಇನ್ನೊಬ್ಬರದು. ಗುಬ್ಬಿ ಕಂಪನಿಯಲ್ಲಿ ಪಳಗಿ ಬಂದ ರಾಜಕುಮಾರ್ 1954ರ 'ಬೇಡರ ಕಣ್ಣಪ್ಪ'ದಿಂದ ಇಪ್ಪತ್ತು ವರ್ಷ ಬಹುತೇಕ ಬೇರೆಯವರ ದನಿಗೆ ತುಟಿ ಆಡಿಸಿದರು. 'ಓಹಿಲೇಶ್ವರ', 'ಮಹಿಷಾಸುರ ಮರ್ದಿನಿ'ಯಂಥ ಒಂದೆರಡು ಕಡೆ ಮಾತ್ರ ಅವರ ಸ್ವಂತ ದನಿ ಕೇಳಿತು. ಪಿ.ಬಿ. ಶ್ರೀನಿವಾಸರ ಗಾಯನಕ್ಕೆ ನಾನೂ ಮರುಳಾದವನೇ, ಅದು ಬೇರೆ ಮಾತು. ಆದರೆ ರಂಗದಲ್ಲಿ ಹಾಡಿ ಬೆಳೆದ ನಟನಿಗೆ ಎರವಲು ಗಂಟಲು ಕೊಟ್ಟಿದ್ದು ವಿಚಿತ್ರವಲ್ಲವೇ? ಆ ಗಂಟಲು ಅವರಿಗೆ ಮರಳಿ ಸಿಕ್ಕಿದ್ದು ಯಾವ ಚಿತ್ರದಲ್ಲಿ? ಕಂಪನಿ ನಾಟಕವೊಂದರಿಂದ ಹುಟ್ಟಿದ 'ಸಂಪತ್ತಿಗೆ ಸವಾಲ್'ನಲ್ಲಿ, ಅದೇ ಎಮ್ಮೆಯ ಮೇಲಿನ ಹಾಡಿನಲ್ಲಿ. ಆಮೇಲೆ ಅವರ ಹಾಡುಗಳನ್ನು ಹೆಚ್ಚಾಗಿ ಅವರೇ ಹಾಡಿದರು. 1992ರ 'ಜೀವನ ಚೈತ್ರ'ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಧುತ್ತರಗಿಯವರ ನಾಟಕ ಕನ್ನಡ ಚಿತ್ರರಂಗಕ್ಕೆ ಕತೆಯ ಜೊತೆಗೆ ಒಬ್ಬ ಗಾಯಕನನ್ನೂ ಕೊಟ್ಟಿತೆಂದು ನಾನು ಲೆಕ್ಕ ಹಾಕುತ್ತೇನೆ.

ಆ ಎಮ್ಮೆ ಸಿನೆಮಾದ ಅನುಕೂಲವೆನ್ನುವವರಿದ್ದಾರೆ. ಒಪ್ಪಿದೆ. ಆದರೆ ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು. ಎಮ್ಮೆ ಯಾವ ಲೆಕ್ಕ!

ಇದು ನಮ್ಮೊಬ್ಬರ ಕತೆಯಲ್ಲ. ಅಮೆರಿಕದಲ್ಲಿ 1956ರಲ್ಲಿ 'ಮೈ ಫೇರ್ ಲೇಡಿ' ರಂಗಕ್ಕೆ ಬಂದಾಗ ನಾಯಕಿಯಾಗಿ ಹಾಡಿ ಕುಣಿದವರು ಜೂಲಿ ಆಂಡ್ರ್ಯೂಸ್. 1964ರ ಚಿತ್ರಕ್ಕೆ ಅವರನ್ನು ಬಿಟ್ಟು ಆಡ್ರೆ ಹೆಪ್‌ಬರ್ನ್ ಅವರನ್ನು ತಂದರು. ಹಾಡಿನ ಬಹುಭಾಗಕ್ಕೆ ದನಿ ಕೊಟ್ಟವರು ಮಾರ್ನಿ ನಿಕ್ಸನ್. 2012ರ 'ಲೆ ಮಿಸರಾಬ್ಲ್' ಚಿತ್ರದಲ್ಲಿ ನಟರು ಕ್ಯಾಮೆರಾದ ಎದುರೇ ಹಾಡಿದಾಗ ಜಗತ್ತು ಹೊಸ ಸಾಹಸವೆಂದಿತು. ನಮ್ಮ ಸುಬ್ಬಯ್ಯನಾಯ್ಡು ಅದನ್ನು 1934ರಲ್ಲೇ ಮಾಡಿದ್ದರು, ಅವರಿಗೆ ಬೇರೆ ದಾರಿ ಇರಲಿಲ್ಲ ಅಷ್ಟೇ.

ಹಾಗಾದರೆ ಎಲ್ಲ ಚಿತ್ರಗಳೂ ನಾಟಕವನ್ನು ಕೆಡಿಸುತ್ತವೆಯೇ? ಇಲ್ಲ. ಸೊಲ್ಲಾಪುರದ ಗಾಳಿ ಸೋಕಿದ ನಮ್ಮ ಊರಿನವರಿಗೆ ಮರಾಠಿಯ 'ಕಟ್ಯಾರ್ ಕಾಳಜಾತ್ ಘುಸಲಿ' ಹೊಸತಲ್ಲ. ಪುರುಷೋತ್ತಮ ದಾರವ್ಹೇಕರರ ಈ 1967ರ ನಾಟಕಕ್ಕೆ ಜಿತೇಂದ್ರ ಅಭಿಷೇಕಿಯವರ ಸಂಗೀತ, ಖಾನ್‌ಸಾಹೇಬರಾಗಿ ವಸಂತರಾವ್ ದೇಶಪಾಂಡೆ. 2015ರಲ್ಲಿ ಸುಬೋಧ್ ಭಾವೆ ಅದನ್ನು ಚಿತ್ರ ಮಾಡಿದಾಗ ಖಾನ್‌ಸಾಹೇಬರ ಮುಖ ಸಚಿನ್ ಪಿಳಗಾಂವಕರರದು, ದನಿ ವಸಂತರಾಯರ ಮೊಮ್ಮಗ ರಾಹುಲ್ ದೇಶಪಾಂಡೆಯವರದು. ಎರವಲು ದನಿಯೇ, ಆದರೆ ಮನೆತನದೊಳಗಿನ ಎರವಲು. ಹಳೆಯ ಪದಗಳ ಜೊತೆಗೆ ಹೊಸ ಹಾಡುಗಳೂ ಬಂದವು. ನಾಟಕ ನೋಡದ ಎಳೆಯರು ಅಭಿಷೇಕಿಯವರನ್ನು ಹುಡುಕಿ ಕೇಳಿದರು. ಚಿತ್ರ ನಾಟಕದ ಸಾಲ ತೀರಿಸುವುದೆಂದರೆ ಹೀಗೆ.

ಕನ್ನಡದಲ್ಲಿ ಇದರ ಹತ್ತಿರ ಬಂದದ್ದು ಗಿರೀಶ ಕಾರ್ನಾಡರ ನಾಟಕ ಆಧರಿಸಿದ ನಾಗಾಭರಣರ 'ನಾಗಮಂಡಲ' (1997). ಸಿ. ಅಶ್ವತ್ಥರ ಸಂಗೀತ, ಗೋಪಾಲ ವಾಜಪೇಯಿಯವರ ಹಾಡುಗಳು. ಉತ್ತರ ಕರ್ನಾಟಕದ ಮಾತನ್ನು ಆ ಚಿತ್ರ ಹಾಸ್ಯಕ್ಕೆ ಬಳಸದೆ, ಹೆಣ್ಣೊಬ್ಬಳ ಸಂಕಟಕ್ಕೆ ಬಳಸಿತು. ನಮ್ಮ ಭಾಷೆ ತೆರೆಯ ಮೇಲೆ ನಗೆಪಾಟಲಿಗೆ ಮಾತ್ರ ಎಂದುಕೊಂಡವರಿಗೆ ಅದನ್ನು ತೋರಿಸಬೇಕು.

ಇನ್ನು ಕಂಪನಿಯವರೂ ಕೈಮುಗಿಸಿಕೊಳ್ಳುವಷ್ಟು ಮುಗ್ಧರಲ್ಲ. ಸಿನೆಮಾ ಧಾಟಿಗೆ ಪದ ಹೊಂದಿಸಿ ಹಾಡುವ ಚಾಳಿ ಬಹಳ ಹಳೆಯದು. ಈಚೆಗೆ ಹಲವು ಕಡೆ ಪೇಟಿಯ ಜಾಗದಲ್ಲಿ ಧ್ವನಿಮುದ್ರಿತ ಹಾಡೇ ಬಂದು ಕುಳಿತಿದೆ. ನಟ ರಂಗದ ಮೇಲೂ ತುಟಿ ಆಡಿಸುತ್ತಾನೆ. ಧ್ವನಿಮುದ್ರಣಕ್ಕೆ ಸಂಬಳವಿಲ್ಲ, ಊಟವಿಲ್ಲ ಎಂಬ ಮಾಲೀಕರ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಆ ಹಾಡಿಗೆ ವನ್ಸ್ ಮೋರ್ ಕೇಳುವುದು ಯಾರನ್ನು?

ಸಿನೆಮಾದಲ್ಲಾದರೂ ಉಳಿಯಿತಲ್ಲ ಎಂಬ ಸಮಾಧಾನವೂ ಪೂರ್ತಿ ನಿಜವಲ್ಲ. 'ಸತಿ ಸುಲೋಚನಾ'ದ ಪ್ರತಿಯೇ ಇಂದು ಇಲ್ಲ. ಕಂಪನಿ ಹಾಡುಗಳ ಮಟ್ಟುಗಳಂತೂ ಬಹುತೇಕ ಯಾವ ಪುಸ್ತಕದಲ್ಲೂ ಸ್ವರ ಹಾಕಿ ಬರೆದಿಟ್ಟವಲ್ಲ. ನಾಟಕದ ಪುಸ್ತಕದಲ್ಲಿ ಪದ ಇರುತ್ತದೆ, ಮೇಲೆ ರಾಗದ ಹೆಸರೋ ಇನ್ನೊಂದು ಹಾಡಿನ ಧಾಟಿಯೋ ಇರುತ್ತದೆ. ಆ ಇನ್ನೊಂದು ಹಾಡು ಮರೆತಿದ್ದರೆ ಇದೂ ಹೋಯಿತು. ಉಳಿದಿರುವುದು ವಯಸ್ಸಾದ ಕೆಲವು ಪೇಟಿ ಮಾಸ್ತರರ ಬೆರಳುಗಳಲ್ಲಿ. ಶರಣಬಸವೇಶ್ವರ ಜಾತ್ರೆಗೆ ಬರುವ ಕಂಪನಿಗಳಲ್ಲಿ ಅಂಥವರು ಸಿಕ್ಕರೆ, ಕಿಸೆಯಲ್ಲಿರುವ ಮೊಬೈಲು ತೆಗೆದು ಹಾಡು ಹಿಡಿದುಕೊಳ್ಳಿ. ಜೊತೆಗೆ ನಾಟಕದ ಹೆಸರು, ಬರೆದವರ ಹೆಸರು, ನುಡಿಸಿದವರ ಹೆಸರು ಮೂರನ್ನೂ ಅವರ ಬಾಯಿಂದಲೇ ಹೇಳಿಸಿ.