ನಾಲ್ಕು ಅಕ್ಷರಗಳ ಓದು
(ವಾಚನಾಲಯದ ವಿದ್ಯಾರ್ಥಿ ಕೂಟದಲ್ಲಿ ಮಾಡಿದ ಭಾಷಣ)



ಹತ್ತನೆಯ ತರಗತಿ ಮುಗಿದೊಡನೆ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಮಗು ಜೀವಶಾಸ್ತ್ರ ಹಿಡಿಯಬೇಕೋ, ಗಣಿತ ಹಿಡಿಯಬೇಕೋ? ಒಂದನ್ನು ಹಿಡಿದರೆ ಇನ್ನೊಂದನ್ನು ಬಿಟ್ಟಂತೆಯೇ ಎಂದು ನಾವು ತಿಳಿದಿದ್ದೇವೆ. ಎರಡನ್ನೂ ಒಟ್ಟಿಗೆ ಕಲಿಸುವ ಒಂದು ಬೇಸಗೆ ಶಿಬಿರದ ವಿಷಯವನ್ನು ಇಂದು ತಮ್ಮ ಮುಂದೆ ಅರಿಕೆ ಮಾಡುತ್ತೇವೆ.

ಅಮೆರಿಕದ ಪಿಟ್ಸ್‌ಬರ್ಗ್ ಉಕ್ಕಿನ ಕಾರ್ಖಾನೆಗಳಿಂದ ಹೆಸರಾದ ಊರು. ಅಲ್ಲೆಗೆನಿ, ಮೊನಾಂಗಹೀಲಾ ಎಂಬ ಎರಡು ನದಿಗಳು ಅಲ್ಲಿ ಕೂಡಿ ಒಹಾಯೊ ನದಿಯಾಗುತ್ತವೆ. ಆ ಊರಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವು ಹೈಸ್ಕೂಲು ಮಕ್ಕಳಿಗಾಗಿ ಗಣಕ ಜೀವಶಾಸ್ತ್ರದ ಶಿಬಿರವನ್ನು ನಡೆಸುತ್ತ ಬಂದಿದೆ. ಮಕ್ಕಳು ನದಿಯ ನೀರನ್ನು ತಂದು, ಅದರೊಳಗಿನ ಸೂಕ್ಷ್ಮಜೀವಿಗಳ ಡಿಎನ್‌ಎ ಬೇರ್ಪಡಿಸಿ, ಯಾವ ಯಾವ ಜೀವಿಗಳಿವೆ ಎಂಬುದನ್ನು ಗಣಕಯಂತ್ರದ ನೆರವಿನಿಂದ ಕಂಡುಹಿಡಿಯಲು ಕಲಿಯುತ್ತಾರೆ.

ಡಿಎನ್‌ಎ ಎಂಬುದು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳ ಬರಹ. ಮನುಷ್ಯನಲ್ಲಿ ಅದರ ಉದ್ದ ಸುಮಾರು 300 ಕೋಟಿ ಅಕ್ಷರ. ಕಣ್ಣಿನಿಂದ ಓದಿ ಮುಗಿಸುವ ಮಾತಲ್ಲ. ಆದುದರಿಂದ ಯಂತ್ರ ಬೇಕು. ಆದರೆ ಯುಕ್ತಿ ನಮಗೆ ಹೊಸದಲ್ಲ. ಹಳಗನ್ನಡದ ‘ಪಾಲ್’ ಇಂದಿನ ನಮ್ಮ ‘ಹಾಲು’. ಅಂದಿನ ‘ಪೂ’ ಇಂದಿನ ‘ಹೂ’. ನೆರೆಯ ತಮಿಳರು ಈಗಲೂ ‘ಪಾಲ್’, ‘ಪೂ’ ಎನ್ನುತ್ತಾರೆ. ಒಂದರ ಕೆಳಗೊಂದು ಬರೆದು, ಎಲ್ಲಿ ಕೂಡುತ್ತದೆ, ಎಲ್ಲಿ ಮಾರ್ಪಟ್ಟಿದೆ ಎಂದು ನೋಡಿದರೆ ನಂಟು ತಿಳಿಯುತ್ತದೆ. ನದಿಯಲ್ಲಿ ಸಿಕ್ಕ ಬರಹವನ್ನು ಮೊದಲೇ ತಿಳಿದ ಬರಹಗಳೊಡನೆ ಹೀಗೆಯೇ ಹೋಲಿಸಿ ಜೀವಿಯ ಬಳಗವನ್ನು ಗುರುತಿಸುತ್ತಾರೆ. ಇಂಥ ಹೋಲಿಕೆಯನ್ನು ಗಣಕಯಂತ್ರಕ್ಕೆ ಒಪ್ಪಿಸುವ ಒಂದು ಕ್ರಮವನ್ನು ನೀಡಲ್‌ಮನ್ ಮತ್ತು ವುನ್ಶ್ ಎಂಬವರು 1970ರಲ್ಲಿ ಪ್ರಕಟಿಸಿದರು.

ಒಂದೇ ಅಕ್ಷರವಲ್ಲವೇ ಎಂದು ಕಡೆಗಣಿಸುವಂತಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಸಂಬಂಧಿಸಿದ ಬರಹದ ಒಂದು ಕಡೆ ‘ಎ’ ಹೋಗಿ ‘ಟಿ’ ಬಂದು, ಅದು ತಂದೆ ತಾಯಿ ಇಬ್ಬರಿಂದಲೂ ಇಳಿದು ಬಂದರೆ, ಮಗುವಿಗೆ ಸಿಕಲ್ ಸೆಲ್ ರೋಗ ಬರುತ್ತದೆ.

ಶುಲ್ಕ, ವಿಮಾನದ ಖರ್ಚು ಕೊಟ್ಟು ಮಕ್ಕಳನ್ನು ಅಷ್ಟು ದೂರ ಕಳುಹಿಸುವುದು ನಮ್ಮಲ್ಲಿ ಎಷ್ಟು ಮನೆಗಳಿಗೆ ಸಾಧ್ಯ? ಆದರೆ ವಿದ್ಯೆಯ ಬಾಗಿಲು ಅಲ್ಲಿಗೇ ಮುಚ್ಚಿಲ್ಲ. 1982ರಲ್ಲಿ ಆರಂಭವಾದ ಜೀನ್‌ಬ್ಯಾಂಕ್ ಎಂಬ ಭಂಡಾರದಲ್ಲಿ ಇಂಥ ಬರಹಗಳನ್ನು ಯಾರು ಬೇಕಾದರೂ ಕಾಸಿಲ್ಲದೆ ನೋಡಬಹುದು. ಅದೂ ಒಂದು ಉಚಿತ ವಾಚನಾಲಯವೇ. ಅಭ್ಯಾಸಕ್ಕೆ ‘ರೋಸಲಿಂಡ್’ ಎಂಬ ಉಚಿತ ಲೆಕ್ಕಗಳ ತಾಣವೂ ಅಂತರ್ಜಾಲದಲ್ಲಿದೆ. ಅದರ ಮೊದಲ ಲೆಕ್ಕ, ಕೊಟ್ಟ ಸಾಲಿನಲ್ಲಿ ನಾಲ್ಕು ಅಕ್ಷರಗಳು ಎಷ್ಟೆಷ್ಟು ಬಾರಿ ಬಂದಿವೆ ಎಂದು ಎಣಿಸುವುದು. ಚಿಕ್ಕದೊಂದು ಸಾಲನ್ನು ಕಾಗದದ ಮೇಲೆ ಬರೆದುಕೊಂಡು ಸೀಸದ ಕಡ್ಡಿಯಿಂದಲೂ ಎಣಿಸಬಹುದು.

ಆದಕಾರಣ ನಮ್ಮ ಸೂಚನೆ ಇಷ್ಟೇ. ಬರುವ ಬೇಸಗೆ ರಜೆಯಲ್ಲಿ ಪ್ರತಿ ಭಾನುವಾರ ಎರಡು ಗಂಟೆ ಕಾಲ ಈ ವಾಚನಾಲಯದ ಒಂದು ಮೇಜನ್ನು ಮಕ್ಕಳಿಗೆ ಬಿಟ್ಟುಕೊಡೋಣ. ಹಳೆಯ ಗಣಕಯಂತ್ರವಿದ್ದವರು ಅದನ್ನು ಕೊಡಲಿ. ಕಾಲೇಜಿನಲ್ಲಿ ಓದುತ್ತಿರುವವರು ಸಮಯ ಕೊಡಲಿ. ಕನ್ನಡದಲ್ಲಿಯೇ ವಿವರಿಸಲಿ. ಹುಡುಗರಂತೆ ಹೆಣ್ಣುಮಕ್ಕಳನ್ನೂ ತಪ್ಪದೆ ಕಳುಹಿಸಿ. ನಮ್ಮ ಓದು ಮೆಟ್ರಿಕ್‌ವರೆಗೆ ಮಾತ್ರ; ಕಲಿಸುವ ಶಕ್ತಿ ನಮಗಿಲ್ಲ. ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು ಹಾಜರಿ ಬರೆಯುವ ಕೆಲಸ ನಮ್ಮದಾಗಲಿ.

ತಾವೆಲ್ಲರೂ ಇದನ್ನು ಆಲೋಚಿಸಬೇಕೆಂದು ಕೋರಿ ನಮ್ಮ ಮಾತನ್ನು ಮುಗಿಸುತ್ತೇವೆ.